ನಾಲೆ ಬಂತು, ಸಂಬಳ ಬಂತು, ಮೈ ಬಂತು

ಈ ಹೊತ್ತಿನ ಮಾತು ಬೊಜ್ಜಿನ ಬಗ್ಗೆ. ಆದರೆ ಹೊಟ್ಟೆ ಕರಗಿಸುವ ಉಪಾಯ ಹೇಳಲು ನಾನು ಬಂದಿಲ್ಲ. ಒಂದು ಸೀಮೆಯ ದುಡಿಮೆಯ ದಾರಿ ಬದಲಾದರೆ ಅಲ್ಲಿನವರ ಊಟ ಏನಾಗುತ್ತದೆ? ಕೈಕಾಲಿನ ಕೆಲಸ ಏನಾಗುತ್ತದೆ? ಕೊನೆಗೆ ಮೈ ಏನಾಗುತ್ತದೆ? ನನ್ನ ವಿಷಯ ಇಷ್ಟೇ. ಇದನ್ನು ನೋಡಲು ಬಹಳ ದೂರ ಹೋಗುವುದು ಬೇಡ. ಮಂಡ್ಯಕ್ಕೆ ಹೋಗೋಣ.

ನೂರು ವರ್ಷದ ಹಿಂದೆ ಮಂಡ್ಯದ ಸುತ್ತ ಇಂದಿನ ಹಸಿರು ಇರಲಿಲ್ಲ. ಮಳೆ ನಂಬಿದ ಹೊಲಗಳು. ಕೆರೆಯ ಕೆಳಗೆ ಅಷ್ಟಿಷ್ಟು ಗದ್ದೆ. ಮಳೆ ಹೋದರೆ ಹೊಟ್ಟೆಗಿಲ್ಲ. 1876ರಿಂದ 78ರವರೆಗಿನ ಬರವನ್ನು ಹಿರಿಯರು ಧಾತು ಈಶ್ವರದ ಬರ ಎಂದು ನೆನೆಯುತ್ತಿದ್ದರು. ಆ ಒಂದು ಬರಕ್ಕೆ ಮೈಸೂರು ಸಂಸ್ಥಾನದ ಐವರಲ್ಲಿ ಒಬ್ಬರು ಬಲಿಯಾದರು ಎಂದು ಅಂದಾಜು. ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಮುಂದೆ ನಾನು ಅನ್ನ, ಸಕ್ಕರೆ, ಯಂತ್ರ ಎಂದೆಲ್ಲ ಹೇಳುತ್ತೇನೆ. ಆಗ ಹಳೆಯ ಕಾಲವೇ ಚೆನ್ನಾಗಿತ್ತು ಎಂದು ಯಾರಿಗೂ ಅನ್ನಿಸಬಾರದು. ಹಸಿದ ಕಾಲ ಚೆನ್ನಾಗಿರಲಿಲ್ಲ.

1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. 1930ರ ದಶಕದ ಮೊದಲಿಗೆ ನಾಲೆಯ ನೀರು ಮಂಡ್ಯದ ಕಡೆ ಹರಿಯಿತು. ಅಂದು ಅದರ ಹೆಸರು ಇರ್ವಿನ್ ನಾಲೆ. ಇಂದು ವಿಶ್ವೇಶ್ವರಯ್ಯ ನಾಲೆ. ನೀರು ಆಚೆ ದಾಟಲಿ ಎಂದು ಹುಲಿಕೆರೆಯಲ್ಲಿ ಹೆಚ್ಚುಕಡಿಮೆ ಮೂರು ಕಿಲೋಮೀಟರ್ ಉದ್ದದ ಸುರಂಗ ಕೊರೆದರು. 1933ರಲ್ಲಿ ಸಕ್ಕರೆ ಕಾರ್ಖಾನೆ ಬಂತು. 1939ರಲ್ಲಿ ಮಂಡ್ಯ ಬೇರೆ ಜಿಲ್ಲೆಯೇ ಆಯಿತು. ಹತ್ತು ವರ್ಷದ ಒಳಗೆ ಒಂದು ಸೀಮೆಯ ಹಣೆಬರಹ ಬದಲಾಯಿತು.

ಈ ಬದಲಾವಣೆಯನ್ನು ಕಣ್ಣಾರೆ ನೋಡಿ ಬರೆದವರು ಒಬ್ಬರಿದ್ದಾರೆ. ಸ್ಕಾರ್ಲೆಟ್ ಎಪ್‌ಸ್ಟೈನ್. ವಿಯೆನ್ನಾದಲ್ಲಿ ಹುಟ್ಟಿ, ನಾಜಿಗಳ ಕಾಟಕ್ಕೆ ಊರು ಬಿಟ್ಟು ಇಂಗ್ಲೆಂಡು ಸೇರಿದ ಹೆಣ್ಣುಮಗಳು. 1954ರಲ್ಲಿ ಮಂಡ್ಯದ ಹಳ್ಳಿಗೆ ಬಂದು ನೆಲೆಸಿದರು. ಎರಡು ಊರುಗಳನ್ನು ಹತ್ತಿರದಿಂದ ಕಂಡರು. ಊರುಗಳ ನಿಜವಾದ ಹೆಸರು ಮರೆಸಿ ಒಂದನ್ನು ವಂಗಲ ಎಂದೂ ಇನ್ನೊಂದನ್ನು ದಲೇನ ಎಂದೂ ಕರೆದರು. ವಂಗಲಕ್ಕೆ ನಾಲೆ ನೀರು ಬಂತು. ದಲೇನ ನಾಲೆಗಿಂತ ಎತ್ತರದಲ್ಲಿತ್ತು. ಅದಕ್ಕೆ ನೀರು ಏರಲಿಲ್ಲ.

ಏನಾಯಿತು? ವಂಗಲದವರು ಭೂಮಿಯನ್ನೇ ಇನ್ನಷ್ಟು ಬಿಗಿಯಾಗಿ ಹಿಡಿದರು. ಕಬ್ಬು ಹಾಕಿದರು. ಭತ್ತ ಹಾಕಿದರು. ಹಣ ಹೊಲದಿಂದಲೇ ಮನೆಗೆ ಬಂತು. ದಲೇನದವರಿಗೆ ಹಾಗೆ ಕೂರಲಾಗಲಿಲ್ಲ. ಮಂಡ್ಯದ ಕಾರ್ಖಾನೆ, ಕಚೇರಿ, ವ್ಯಾಪಾರ ಹುಡುಕಿಕೊಂಡು ಹೊರಟರು. ಹಣ ಸಂಬಳವಾಗಿ, ಲಾಭವಾಗಿ ಬಂತು. ಎಪ್‌ಸ್ಟೈನ್ ನೋಡಿದ್ದು ಜಾತಿ, ಸಂಸಾರ, ಹಿರೀಕತನಗಳಲ್ಲಿ ಇದು ತಂದ ಬದಲಾವಣೆಯನ್ನು. ನಾನು ಅದೇ ಎರಡು ದಾರಿಗಳನ್ನು ಮೈಯ ಲೆಕ್ಕಕ್ಕೆ ತರುತ್ತೇನೆ. ಒಂದು ನಾಲೆಯ ದಾರಿ. ಇನ್ನೊಂದು ಸಂಬಳದ ದಾರಿ. ಎರಡೂ ಬೇರೆ ಬೇರೆ ಕಡೆಯಿಂದ ಹೊರಟವು. ಬೊಜ್ಜಿನ ಹತ್ತಿರ ಬಂದು ಕೂಡಿಕೊಂಡವು.

ಮೊದಲು ನಾಲೆಯ ದಾರಿ.

ರಾಗಿ ಹೊಲ ಎಂದರೆ ಬರೀ ರಾಗಿ ಅಲ್ಲ, ಕೇಳುಗರೇ. ಇಷ್ಟು ಸಾಲು ರಾಗಿಗೆ ಒಂದು ಅಕ್ಕಡಿ ಸಾಲು ಇರುತ್ತಿತ್ತು. ಅದರಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸಿವೆ, ಜೋಳ. ಬದುವಿನ ಮೇಲೆ ಹರಳು. ಹೊಲಕ್ಕೆ ಹೋದ ಹೆಂಗಸರು ಬರುವಾಗ ಮಡಿಲು ತುಂಬ ಬೆರಕೆ ಸೊಪ್ಪು ತರುತ್ತಿದ್ದರು. ಅಣ್ಣೆ ಸೊಪ್ಪು, ಗಣಿಕೆ ಸೊಪ್ಪು, ಕೀರೆ, ಹೊನಗೊನೆ. ಇವನ್ನು ಯಾರೂ ಬಿತ್ತುತ್ತಿರಲಿಲ್ಲ. ಯಾರೂ ಮಾರುತ್ತಿರಲಿಲ್ಲ. ಹೊಲ ಇದ್ದುದರಿಂದ ಅವು ಇದ್ದವು. ಬಸ್ಸಾರು, ಉಪ್ಸಾರು, ಮಸ್ಸೊಪ್ಪು ಎಲ್ಲ ಈ ಹೊಲದ ಅಡುಗೆಗಳು. ಮುದ್ದೆಯ ಜೊತೆ ಕಾಳು, ಕಾಳಿನ ಜೊತೆ ಸೊಪ್ಪು. ಒಂದೇ ಹೊಲ ಇಡೀ ಊಟವನ್ನು ಕೊಡುತ್ತಿತ್ತು.

ಕಬ್ಬಿನ ಗದ್ದೆಯಲ್ಲಿ ಅಕ್ಕಡಿ ಸಾಲಿಗೆ ಜಾಗವಿಲ್ಲ. ಕಬ್ಬು ಹನ್ನೆರಡು ತಿಂಗಳು ನೆಲ ಹಿಡಿದು ನಿಲ್ಲುತ್ತದೆ. ನಿಂತ ನೀರಿನ ಭತ್ತದ ಗದ್ದೆಯಲ್ಲಿ ಅವರೆ ಬೆಳೆಯುವುದಿಲ್ಲ. ಕಳೆನಾಶಕ ಹೊಡೆದ ಮೇಲೆ ಬೆರಕೆ ಸೊಪ್ಪು ಕೂಡ ಕಳೆಯೇ. ಹಾಗಾಗಿ ಹೋದದ್ದು ರಾಗಿ ಮಾತ್ರವಲ್ಲ. ರಾಗಿಯ ಬೆನ್ನಿಗೆ ಕಾಳು ಹೋಯಿತು, ಮನೆಯ ಎಣ್ಣೆಕಾಳು ಹೋಯಿತು, ಪುಕ್ಕಟೆ ಸೊಪ್ಪು ಹೋಯಿತು. ಮೊದಲು ಹೊಲದಿಂದ ಬರುತ್ತಿದ್ದುದನ್ನು ಈಗ ಅಂಗಡಿಯಿಂದ ತರಬೇಕು. ಅಂಗಡಿಗೆ ಹೋದವರು ಬೇಳೆಯನ್ನು ಅಳೆದು ತರುತ್ತಾರೆ, ಏಕೆಂದರೆ ಅದು ದುಬಾರಿ. ಅಕ್ಕಿಗೆ ಅಂಥ ಲೆಕ್ಕವಿಲ್ಲ. ಗದ್ದೆಯಲ್ಲಿ ಇದೆ, ಇಲ್ಲವೆಂದರೆ ಪಡಿತರದಲ್ಲಿ ಇದೆ. ತಟ್ಟೆಯಲ್ಲಿ ಅನ್ನ ಬೆಟ್ಟವಾಯಿತು, ಸಾರು ತೆಳುವಾಯಿತು.

ಎರಡು ಲೆಕ್ಕ ಹೇಳುತ್ತೇನೆ. ನೂರು ಗ್ರಾಂ ರಾಗಿಯಲ್ಲಿ ನಾರಿನಂಶ ಸುಮಾರು 11 ಗ್ರಾಂ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಸುಮಾರು 3 ಗ್ರಾಂ. ರಾಗಿಯಲ್ಲಿ ಸುಣ್ಣದಂಶ 350 ಮಿಲಿಗ್ರಾಂ ದಾಟುತ್ತದೆ. ಅಕ್ಕಿಯಲ್ಲಿ ಅದು ಹತ್ತನ್ನೂ ಮುಟ್ಟುವುದಿಲ್ಲ. ಹಾಗೆಂದು ರಾಗಿಯನ್ನು ಔಷಧಿ ಮಾಡಬೇಡಿ. ನುಣ್ಣಗೆ ಬೀಸಿದ ಹಿಟ್ಟಿನ ಮುದ್ದೆಯೂ ರಕ್ತದ ಸಕ್ಕರೆ ಏರಿಸುತ್ತದೆ. ದಿನವಿಡೀ ಕುಳಿತವರು ಎರಡು ದಪ್ಪ ಮುದ್ದೆ ಉಂಡರೆ ಅದೂ ಮೈಗೇ ಸೇರುತ್ತದೆ. ರಾಗಿಗೆ ಬೆಲೆ ಬಂದದ್ದು ಅದರ ಜೊತೆಗಿದ್ದ ಕಾಳು ಸೊಪ್ಪಿನಿಂದ, ಅದನ್ನು ಬೆಳೆದ ದುಡಿಮೆಯಿಂದ.

ಆ ದುಡಿಮೆಯನ್ನು ಒಮ್ಮೆ ನೆನೆಯಿರಿ. ಎತ್ತಿನ ಹಿಂದೆ ಉಳುವುದು. ಕುಂಟೆ ಹೊಡೆಯುವುದು. ಬಗ್ಗಿ ಕಳೆ ಕೀಳುವುದು. ಕೊಯ್ದು, ಹೊತ್ತು, ಮೆದೆ ಒಟ್ಟುವುದು. ಕಣದಲ್ಲಿ ಗುಂಡು ಹೊಡೆದು ಒಕ್ಕುವುದು, ಗಾಳಿಗೆ ತೂರುವುದು. ಇಷ್ಟಾದ ಮೇಲೆ ಹೆಂಗಸರ ಸರದಿ. ಬೆಳಗಿನ ಜಾವ ಎದ್ದು ಬೀಸುವುದು. ಬಾವಿಯಿಂದ ನೀರು ಹೊರುವುದು. ಸೌದೆ ತರುವುದು. ಉರಿಯ ಮುಂದೆ ಕೂತು ಕೋಲಿನಲ್ಲಿ ಮುದ್ದೆ ತೊಳಸುವುದು. ಒಂದು ಹೊತ್ತಿನ ಮುದ್ದೆ ತಟ್ಟೆಗೆ ಬರುವ ಹೊತ್ತಿಗೆ ಮನೆಯವರೆಲ್ಲರ ಬೆವರು ಅದಕ್ಕೆ ಸಂದಿರುತ್ತಿತ್ತು.

ಮಿಲ್ಲು ಬಂತು. ಬೀಸುವುದು ನಿಂತಿತು. ಟ್ರ್ಯಾಕ್ಟರ್ ಬಂತು, ಟಿಲ್ಲರ್ ಬಂತು, ಭತ್ತ ಕೊಯ್ಯುವ ಯಂತ್ರ ಬಂತು. ಕಬ್ಬು ಕಡಿಯಲು ಹೊರಗಿನ ಕೂಲಿ ತಂಡ ಬರುತ್ತದೆ. ಜಮೀನಿನ ಯಜಮಾನ ಬದುವಿನ ತನಕ ಬೈಕಿನಲ್ಲಿ ಹೋಗಿ ನಿಂತು ನೋಡಿ ಬರುತ್ತಾನೆ. ಮನೆಗೆ ನಲ್ಲಿ ಬಂತು, ಗ್ಯಾಸು ಬಂತು. ಇವೆಲ್ಲ ಬರಲೇಬೇಕಿತ್ತು. ನಮ್ಮ ಅಜ್ಜಿಯಂದಿರ ಬೆನ್ನು ಬಾಗಿದ್ದು ಸುಮ್ಮನೆ ಅಲ್ಲ. ಆ ಬೀಸುವ ಕಲ್ಲನ್ನು ಮತ್ತೆ ಮೊಮ್ಮಗಳ ಮುಂದೆ ಇಡಬೇಕು ಎನ್ನುವವರಿಗೆ ಆ ಕಲ್ಲಿನ ಭಾರ ಗೊತ್ತಿಲ್ಲ.

ಇಷ್ಟು ಹೊತ್ತು ನಾಲೆಯ ದಾರಿ ನೋಡಿದೆವು. ನೀರು ಬಂತು, ಬೆಳೆ ಬದಲಾಯಿತು. ಬೆಳೆ ಬದಲಾಗಿ ತಟ್ಟೆ ಬದಲಾಯಿತು. ಹಣ ಬಂದು ಯಂತ್ರ ಬಂತು, ಮೈ ಕೆಲಸ ಇಳಿಯಿತು. ಈಗ ಎರಡನೆಯದು, ಸಂಬಳದ ದಾರಿ. ನೀರು ಸಿಗದ ದಲೇನದವರು ಹಿಡಿದ ದಾರಿ.

ಈ ದಾರಿಯಲ್ಲಿ ಮೈಗೆ ಏನಾಗುತ್ತದೆ ಎನ್ನುವುದಕ್ಕೆ ಒಂದು ಒಳ್ಳೆಯ ಅಧ್ಯಯನ ಇದೆ. 2005ರಿಂದ 2007ರವರೆಗೆ ನಡೆದದ್ದು. ಲಖನೌ, ನಾಗಪುರ, ಹೈದರಾಬಾದ್ ಮತ್ತು ನಮ್ಮ ಬೆಂಗಳೂರು, ಈ ನಾಲ್ಕು ನಗರಗಳ ಕಾರ್ಖಾನೆಗಳಲ್ಲಿ. ಹಳ್ಳಿಯಿಂದ ಬಂದು ಕಾರ್ಖಾನೆ ಸೇರಿದವರನ್ನು ಪರೀಕ್ಷಿಸಿದರು. ಹಳ್ಳಿಯಲ್ಲೇ ಉಳಿದ ಅವರ ಒಡಹುಟ್ಟಿದವರನ್ನೂ ಕರೆಸಿದರು. ಒಂದೇ ತಾಯಿಯ ಮಕ್ಕಳು. ಒಬ್ಬರು ಊರಲ್ಲಿ, ಒಬ್ಬರು ನಗರದಲ್ಲಿ. ರಕ್ತ ಒಂದೇ, ಬದುಕು ಬೇರೆ. ಗಂಡಸರ ಲೆಕ್ಕ ಕೇಳಿ. ಊರಿನಲ್ಲಿ ಉಳಿದ ನೂರು ಜನರಲ್ಲಿ ಬೊಜ್ಜು ಇದ್ದವರು ಸುಮಾರು 19. ನಗರಕ್ಕೆ ಬಂದವರಲ್ಲಿ ಸುಮಾರು 38. ಸರಿಯಾಗಿ ಎರಡು ಪಟ್ಟು. ಸಕ್ಕರೆ ಕಾಯಿಲೆ ಊರಿನಲ್ಲಿ ನೂರಕ್ಕೆ ಆರು, ನಗರಕ್ಕೆ ಬಂದವರಲ್ಲಿ ಹದಿನಾಲ್ಕು. ಮೈಯಲ್ಲಿ ಕೊಬ್ಬು ಏರುವುದು ಊರು ಬಿಟ್ಟ ಮೊದಲ ಹತ್ತು ವರ್ಷಗಳ ಒಳಗೇ ಎಂಬುದೂ ಅದೇ ಅಧ್ಯಯನದಲ್ಲಿ ಕಂಡಿತು.

ಇದರಲ್ಲಿ ಇನ್ನೊಂದು ಸಂಗತಿ ಇದೆ. ನನ್ನ ಮಟ್ಟಿಗೆ ಇದು ಮುಖ್ಯ. ನಗರದಲ್ಲಿದ್ದವರು ಹಣ್ಣು ತರಕಾರಿಯನ್ನು ಊರಿನವರಿಗಿಂತ ಬಹಳ ಹೆಚ್ಚು ತಿನ್ನುತ್ತಿದ್ದರು. ಸಕ್ಕರೆಯನ್ನೂ ಹೆಚ್ಚು ತಿನ್ನುತ್ತಿದ್ದರು. ಅಂದರೆ ಸಂಬಳ ಬಂದಾಗ ಊಟ ಕೆಟ್ಟಿತು ಎಂದು ಒಂದೇ ಏಟಿಗೆ ಹೇಳುವಂತಿಲ್ಲ. ಊಟ ದೊಡ್ಡದಾಯಿತು. ಅದರಲ್ಲಿ ಒಳ್ಳೆಯದೂ ಸೇರಿತು, ಬೇಡದ್ದೂ ಸೇರಿತು. ದುಡಿಮೆ ಮಾತ್ರ ಚಿಕ್ಕದಾಯಿತು. ಹಳ್ಳಿಯ ಊಟವೆಲ್ಲ ಅಮೃತ ಎಂದು ಹಾಡುವವರು ಒಂದು ಮಾತು ನೆನಪಿಡಬೇಕು. ಹಣ್ಣು ಕೊಳ್ಳಲು ಹಳ್ಳಿಯವರ ಕೈಯಲ್ಲಿ ಕಾಸಿರಲಿಲ್ಲ.

ಈಗ ಸಂಬಳಕ್ಕಾಗಿ ಊರು ಬಿಡಬೇಕಾದ್ದೂ ಇಲ್ಲ. ಗಾರ್ಮೆಂಟ್ಸ್ ಮದ್ದೂರಿನ ಬಳಿಗೇ ಬಂದಿದೆ. ಬೆಳಿಗ್ಗೆ ಬಸ್ಸು ಊರ ಬಾಗಿಲಿಗೆ ಬರುತ್ತದೆ. ಹೆಣ್ಣುಮಕ್ಕಳು ಎಂಟು ಗಂಟೆ ಮಿಷನ್ ಮುಂದೆ ಕುಳಿತು ಹೊಲಿಯುತ್ತಾರೆ. ಬಸ್ಸಿನಲ್ಲೇ ವಾಪಸ್ಸು. ಮನೆಗೆ ಬಂದಾಗ ಸುಸ್ತು. ಆದರೆ ಅದು ಮೈ ಓಡಾಡಿದ ಸುಸ್ತಲ್ಲ, ಒಂದೇ ಕಡೆ ಕುಳಿತ ಸುಸ್ತು. ದಾರಿಯಲ್ಲಿ ಬೇಕರಿ ಇದೆ. ಮಕ್ಕಳಿಗೆ ಬನ್ನು, ಪಪ್ಸು, ಕುರುಕಲು ತರುತ್ತಾರೆ. ತಾಯಿ ಸಂಬಳ ತೆಗೆದುಕೊಂಡು ಮಕ್ಕಳಿಗೆ ತಿಂಡಿ ತರುವುದರಲ್ಲಿ ಒಂದು ಹೆಮ್ಮೆ ಇದೆ. ಆ ಹೆಮ್ಮೆಯನ್ನು ಯಾರೂ ಹಳಿಯಬಾರದು.

ಇದು ಮಂಡ್ಯದ್ದಷ್ಟೇ ಕಥೆಯಲ್ಲ. ಜಗತ್ತಿನ ಎಲ್ಲೆಡೆಯ ಮೈ ತೂಕದ ಅಳತೆಗಳನ್ನು ಕೂಡಿಸಿದ ಒಂದು ದೊಡ್ಡ ಲೆಕ್ಕ 2019ರಲ್ಲಿ ಹೊರಬಂತು. 1985ರಿಂದ 2017ರವರೆಗೆ ಜಗತ್ತಿನಲ್ಲಿ ಸರಾಸರಿ ಮೈ ತೂಕ ಏರಿದೆ. ಆ ಏರಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹಳ್ಳಿಗಳದ್ದು. ಬೊಜ್ಜು ಪಟ್ಟಣದ ಸಾಹುಕಾರರ ಕಾಯಿಲೆ ಎಂಬ ಮಾತು ಹಳೆಯದಾಯಿತು.

ಎರಡು ದಾರಿಗಳನ್ನೂ ಕಂಡೆವು. ನಾಲೆಯ ದಾರಿ, ಸಂಬಳದ ದಾರಿ. ಅವು ಕೂಡುವ ಜಾಗದಲ್ಲಿ ಇಂದು ಕರ್ನಾಟಕ ಎಲ್ಲಿ ನಿಂತಿದೆ? ಕೇಂದ್ರ ಸರ್ಕಾರದ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕ ಹೇಳುತ್ತೇನೆ. ಐದಡಿ ಮೂರಂಗುಲ ಎತ್ತರದವರು 64 ಕಿಲೋ ಮುಟ್ಟಿದರೆ ಈ ಸಮೀಕ್ಷೆ ಅದನ್ನು ಹೆಚ್ಚು ತೂಕ ಎನ್ನುತ್ತದೆ. 2015–16ರಲ್ಲಿ ನಮ್ಮ ರಾಜ್ಯದ ನೂರು ಹೆಂಗಸರಲ್ಲಿ ಇಂಥವರು 23. 2019–21ರ ಹೊತ್ತಿಗೆ 30. ಗಂಡಸರಲ್ಲಿ 22 ಇದ್ದದ್ದು 31. ನಾಲ್ಕೈದು ವರ್ಷಕ್ಕೆ ಇಷ್ಟು. ಅದೇ ಸಮೀಕ್ಷೆಯಲ್ಲಿ, ಅದೇ ರಾಜ್ಯದಲ್ಲಿ, ಹೆಚ್ಚುಕಡಿಮೆ ಅರ್ಧದಷ್ಟು ಹೆಂಗಸರಿಗೆ ರಕ್ತಹೀನತೆ. ಐದು ವರ್ಷದ ಒಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ತೂಕ ಹೆಚ್ಚಾದ ತಾಯಿ, ರಕ್ತ ಸಾಲದ ತಾಯಿ, ಎತ್ತರ ಸಾಲದ ಮಗು. ಇವು ಮೂರು ಮನೆಗಳಲ್ಲಿ ಇರಬೇಕೆಂದಿಲ್ಲ. ಒಂದೇ ಮನೆಯಲ್ಲೂ ಇರಬಹುದು. ಹೊಟ್ಟೆ ತುಂಬಿದೆ, ಪೋಷಣೆ ತುಂಬಿಲ್ಲ.

ಹಸಿದವರ ಮೊಮ್ಮಕ್ಕಳಿಗೆ ಈ ತೊಂದರೆ ಯಾಕೆ ಇಷ್ಟು ಬೇಗ ಬಂತು? ಉತ್ತರದ ಒಂದು ತುಣುಕು ಮಂಡ್ಯದ ಪಕ್ಕದಲ್ಲೇ ಇದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ. ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ. ಅಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ ಎಲ್ಲವನ್ನೂ ದಾಖಲೆ ಪುಸ್ತಕಗಳಲ್ಲಿ ಬರೆದಿಟ್ಟರು. ನಾಲೆ ಬಂದ ಕಾಲವೇ ಅದು. ಆ ಕೂಸುಗಳು ದೊಡ್ಡವರಾಗಿ ಮಧ್ಯವಯಸ್ಸಿಗೆ ಬಂದ ಮೇಲೆ ಸಂಶೋಧಕರು ಅವರನ್ನು ಹುಡುಕಿದರು. 1996ರಲ್ಲಿ ಫಲಿತಾಂಶ ಬಂತು. ಹುಟ್ಟುವಾಗ ಕಡಿಮೆ ತೂಕ ಇದ್ದವರಲ್ಲಿ ಹೃದಯದ ಕಾಯಿಲೆ ಹೆಚ್ಚು ಕಂಡಿತು.

ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಇನ್ನೊಂದು ಕೊನೆಯಿಂದ ನೋಡಿದರು. ಪುಣೆ ಸುತ್ತಲ ಹಳ್ಳಿಗಳ ನವಜಾತ ಶಿಶುಗಳು ಇಂಗ್ಲೆಂಡಿನ ಶಿಶುಗಳಿಗಿಂತ ಮುಕ್ಕಾಲು ಕಿಲೋದಷ್ಟು ಹಗುರ. ಮಾಂಸಖಂಡ ಕಡಿಮೆ. ಆದರೆ ಬೆನ್ನಿನ ಚರ್ಮದ ಕೆಳಗಿನ ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆ ಇಲ್ಲ. ನೋಡಲು ಸಣಕಲು, ಒಳಗೆ ಕೊಬ್ಬು. ತಾಯಿಯ ಹೊಟ್ಟೆಯಲ್ಲಿ ಕಡಿಮೆ ಸಿಕ್ಕಿದ ಮೈ, ಇರುವಷ್ಟರಲ್ಲಿ ಬದುಕುವುದನ್ನು ಕಲಿತಿರುತ್ತದೆ. ಅಂಥ ಮೈಗೆ ಹೊರಗೆ ಬಂದ ಮೇಲೆ ದಂಡಿಯಾಗಿ ಸಿಕ್ಕಿದರೆ ಅದು ಉಳಿಸಿ ಇಟ್ಟುಕೊಳ್ಳುತ್ತದೆ. ಇಡುವುದು ಎಲ್ಲಿ? ನಡುವಿನ ಸುತ್ತ.

ಅದಕ್ಕೇ ದಪ್ಪಗಿರುವವರನ್ನು ಕಂಡು ತಿಂದು ತಿಂದು ಊದಿದ್ದಾರೆ, ಸೋಮಾರಿಗಳು ಎಂದು ಹೇಳುವುದನ್ನು ನಾನು ಒಪ್ಪುವುದಿಲ್ಲ. ಆ ಮೈಯಲ್ಲಿ ಅಜ್ಜಿಯ ಬರಗಾಲ ಇದೆ. ಅಪ್ಪನ ಕಬ್ಬಿನ ಹಣ ಇದೆ. ಸರ್ಕಾರದ ನಾಲೆ ಇದೆ, ರಸ್ತೆ ಇದೆ. ಅಷ್ಟನ್ನೂ ಒಬ್ಬ ಹೆಂಗಸಿನ ನಾಲಿಗೆಯ ತಪ್ಪು ಎಂದು ಬರೆದು ಕೈತೊಳೆದುಕೊಳ್ಳುವುದು ಅನ್ಯಾಯ.

ಅಂದರೆ ಊರಿನ ಅಭಿವೃದ್ಧಿ ಮಾಡುವವರ ಮೇಲೂ ಈ ಹೊಣೆ ಇದೆ. ನಾಲೆ ಕಟ್ಟಿದಾಗ ಎಷ್ಟು ಎಕರೆ, ಎಷ್ಟು ಟನ್ನು ಎಂದು ಲೆಕ್ಕ ಹಾಕಿದರು. ಊಟದಲ್ಲಿ ಕಾಳು ಎಲ್ಲಿಂದ ಬರಬೇಕು ಎಂದು ಲೆಕ್ಕ ಹಾಕಲಿಲ್ಲ. 2023ರಲ್ಲಿ ಬೆಂಗಳೂರು ಮೈಸೂರಿನ ನಡುವೆ ಹತ್ತು ಪಥದ ಹೆದ್ದಾರಿ ಉದ್ಘಾಟನೆಯಾಯಿತು. ಕಾರಿನವರಿಗೆ ಸಮಯ ಉಳಿಯಿತು. ಅದರ ಅಕ್ಕಪಕ್ಕದ ಹಳ್ಳಿಯವರು ಆಚೆ ಬದಿಯ ಹೊಲಕ್ಕೋ ಶಾಲೆಗೋ ನಡೆದು ಹೋಗುವುದು ಹೇಗೆ ಎನ್ನುವ ಪ್ರಶ್ನೆ ಮಾತ್ರ ಕೊನೆಗೆ ಬಂತು. ನಡೆಯಲು ಹೆದರಿಕೆಯಾಗುವ ಕಡೆ ಜನ ನಡೆಯುವುದಿಲ್ಲ. ಅದರಲ್ಲೂ ಹೆಂಗಸರು. ನಮ್ಮ ದೇಶದಲ್ಲಿ ಸಾಕಷ್ಟು ಮೈ ಚಟುವಟಿಕೆ ಇಲ್ಲದ ವಯಸ್ಕರು 2022ರಲ್ಲಿ ಅರ್ಧದಷ್ಟು ಎಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಅಂದಾಜು. ಗಂಡಸರಲ್ಲಿ ನೂರಕ್ಕೆ 42, ಹೆಂಗಸರಲ್ಲಿ 57. ಪಟ್ಟಣದ ಹೆಂಗಸು ಬೆಳಿಗ್ಗೆ ಪಾರ್ಕಿಗೆ ಹೋಗಬಹುದು. ಹಳ್ಳಿಯ ಸೊಸೆ ಕೆಲಸವಿಲ್ಲದೆ ಸುಮ್ಮನೆ ನಡೆಯಲು ಹೊರಟರೆ ಜಗುಲಿಯ ಮೇಲಿನ ನಾಲ್ಕು ಜನ ಕೇಳುತ್ತಾರೆ, ಎಲ್ಲಿಗವ್ವ ಹೊರಟೆ ಎಂದು. ಊರ ಕೆರೆ ಏರಿಯ ಮೇಲೆ ಹಸನಾದ ಹಾದಿ, ನಾಲ್ಕು ದೀಪ ಇದ್ದರೆ, ಹತ್ತು ಹೆಂಗಸರು ಒಟ್ಟಿಗೆ ಹೊರಟರೆ ಆ ಪ್ರಶ್ನೆ ನಿಲ್ಲುತ್ತದೆ. ಸ್ವಸಹಾಯ ಸಂಘಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿವೆ.

ಊಟದ ಕಡೆಯಿಂದಲೂ ಮಾಡಬಹುದಾದ್ದು ಇದೆ. ರಾಗಿಗೆ ಮಂಡ್ಯ ಹೊಸದಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲೇ ವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನು ತಂದರು. ಎಕರೆಗೆ ಬರುವ ರಾಗಿ ಹೆಚ್ಚಿತು. ಇಂದು ಸರ್ಕಾರ ಬೆಂಬಲ ಬೆಲೆಗೆ ರಾಗಿ ಕೊಂಡು ದಕ್ಷಿಣದ ಜಿಲ್ಲೆಗಳ ಪಡಿತರದಲ್ಲಿ ಕೊಡುತ್ತಿದೆ. 2024ರಿಂದ ಸರ್ಕಾರಿ ಶಾಲೆಯ ಮಕ್ಕಳಿಗೆ ಹಾಲಿನ ಜೊತೆ ರಾಗಿ ಮಾಲ್ಟ್ ಸಿಗುತ್ತಿದೆ. ಒಳ್ಳೆಯದೇ. ಆದರೆ ಅಕ್ಕಡಿ ಸಾಲಿನ ಅವರೆ, ಅಲಸಂದೆ ಪಡಿತರದ ಚೀಲಕ್ಕೆ ಇನ್ನೂ ಬಂದಿಲ್ಲ. ರಾಗಿಯನ್ನು ಒಂಟಿಯಾಗಿ ಕರೆತಂದರೆ ಅರ್ಧ ಕೆಲಸ ಮಾಡಿದಂತೆ. ಕಾಳು ಬೆಳೆಯುವವರಿಗೂ ಅದೇ ಬೆಂಬಲ, ಕಾಳು ಉಣ್ಣುವವರಿಗೂ ಅದೇ ಪಡಿತರ ಬೇಕು. ಎರಡು ಕಬ್ಬಿನ ಬೆಳೆಗಳ ನಡುವಿನ ಬಿಡುವಿನಲ್ಲಿ ಮನೆಮಟ್ಟಿಗೆ ಹತ್ತು ಗುಂಟೆ ಅವರೆ ಹಾಕುವ ರೈತರು ಈಗಲೂ ಇದ್ದಾರೆ. ಅವರನ್ನು ನೋಡಿ ಇನ್ನಷ್ಟು ಜನ ಹಾಕಬೇಕು.

ಕೊನೆಯದಾಗಿ ಒಂದು ಕೆಲಸದ ಮಾತು. ಮೂವತ್ತು ದಾಟಿದ ಪ್ರತಿಯೊಬ್ಬರ ಮನೆಗೂ ಆಶಾ ಕಾರ್ಯಕರ್ತೆಯರು ಒಂದು ನಮೂನೆ ಹಿಡಿದು ಬರುತ್ತಾರೆ. ಅದರಲ್ಲಿ ಸೊಂಟದ ಸುತ್ತಳತೆ ಬರೆಯುವ ಜಾಗವಿದೆ. ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90. ಅದನ್ನು ದಾಟಿದರೆ ಸಕ್ಕರೆ, ರಕ್ತದೊತ್ತಡ ನೋಡಿಸಿಕೊಳ್ಳಬೇಕು. ವಾರಕ್ಕೆ ನೂರೈವತ್ತು ನಿಮಿಷವಾದರೂ ಮೈ ಆಡುತ್ತದೆಯೇ ಎಂದೂ ಅದರಲ್ಲಿ ಕೇಳುತ್ತಾರೆ. ನಾಚಿಕೊಂಡು ಅಂದಾಜಿನಲ್ಲಿ ಬರೆಸಬೇಡಿ. ಟೇಪು ಹಿಡಿಸಿ ಅಳೆಸಿ. ಮುಂದಿನ ಗ್ರಾಮಸಭೆಗೆ ಹೋದಾಗ ಕೇಳಿ: ನಮ್ಮೂರಿನಲ್ಲಿ ಎಷ್ಟು ಜನ ಅಳತೆ ದಾಟಿದ್ದಾರೆ? ಹೋದ ವರ್ಷಕ್ಕಿಂತ ಹೆಚ್ಚೋ ಕಡಿಮೆಯೋ? ಚರಂಡಿ, ಬೀದಿದೀಪಗಳ ಜೊತೆ ಈ ಲೆಕ್ಕವನ್ನೂ ಸಭೆಯ ಪುಸ್ತಕದಲ್ಲಿ ಬರೆಸಿ.